ಭಕ್ತಿಯ ಸ್ಥಳ, ಪ್ರಶ್ನೆಯ ಸ್ಥಳ



ಮೂರು ದಿನಗಳಿಂದ ಈ ಮಠದ ಅಂಗಳದಲ್ಲಿ ನಮ್ಮ ದೇಶದ ಸಂವಿಧಾನ, ಅದು ರಚನೆಯಾದ ಇತಿಹಾಸ, ನಾಯಕತ್ವವೆಂದರೇನು ಎಂಬ ವಿಷಯಗಳ ಮೇಲೆ ಮಾತುಕತೆ ನಡೆದಿದೆ. ವಕೀಲರು ಮಾತನಾಡಿದರು, ನಿವೃತ್ತ ಉಪಾಧ್ಯಾಯರು ಮಾತನಾಡಿದರು, ರೈತರೂ ಎದ್ದು ನಿಂತು ಕೇಳಬೇಕಾದುದನ್ನು ಕೇಳಿದರು. ಇಂದು ಕಡೆಯ ದಿನ. ಕಡೆಗೆ ನಮ್ಮ ಆಶೀರ್ವಚನವೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಆಶೀರ್ವಚನವೆಂದರೆ ಎಲ್ಲರಿಗೂ ಒಳ್ಳೆಯದಾಗಲಿ ಎಂದು ನಾಲ್ಕು ಮಾತು ಹೇಳಿ ಪ್ರಸಾದಕ್ಕೆ ಏಳುವುದೆಂದು ನೀವು ತಿಳಿದಿದ್ದರೆ ಇಂದು ಸ್ವಲ್ಪ ತಡವಾಗುತ್ತದೆ. ದಾಸೋಹದ ಮನೆಗೆ ಆಗಲೇ ಹೇಳಿ ಕಳಿಸಿದ್ದೇವೆ.

ಮೊನ್ನೆ ಹಿರಿಯ ಭಕ್ತರೊಬ್ಬರು ನಮ್ಮ ಬಳಿಗೆ ಬಂದರು. "ಬುದ್ಧಿ, ಮಠದಲ್ಲಿ ಶಿವಾನುಭವ ನಡೆಯಬೇಕು. ಈ ಕೋರ್ಟು ಕಚೇರಿಯ ಮಾತು ಇಲ್ಲೇಕೆ?" ಎಂದು ಕೇಳಿದರು. ಅವರು ಕೇಳಿದ್ದು ತಪ್ಪಲ್ಲ. ಆದರೆ ಈ ದೇಶದ ಸಂವಿಧಾನದ ಅತಿ ದೊಡ್ಡ ಮೊಕದ್ದಮೆ ಯಾರ ಹೆಸರಿನಲ್ಲಿದೆ, ಬಲ್ಲಿರಾ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನಲ್ಲಿದೆ. 1970ರಲ್ಲಿ ಕೇರಳದ ಭೂಸುಧಾರಣೆಯ ಕಾನೂನಿನ ವಿಷಯವಾಗಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 13 ಜನ ನ್ಯಾಯಾಧೀಶರು ಕುಳಿತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಪಾರ್ಲಿಮೆಂಟು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಕೂಡದು ಎಂದಾಯಿತು. ಮಠದ ಭೂಮಿಯ ವಿಷಯದಲ್ಲಿ ಸ್ವಾಮಿಗಳಿಗೆ ಇದರಿಂದ ಲಾಭವಾಗಲಿಲ್ಲ, ದೇಶಕ್ಕಾಯಿತು. 2020ರಲ್ಲಿ ಅವರು ಲಿಂಗೈಕ್ಯರಾದರು ಎಂದು ನಮ್ಮ ವಾಡಿಕೆಯಲ್ಲಿ ಹೇಳುವುದಕ್ಕಿಲ್ಲ, ಅವರ ಪರಂಪರೆ ಬೇರೆ. ಆದರೂ ಆ ದಿನ ನಾವು ಅವರನ್ನು ಮನಸ್ಸಿನಲ್ಲಿಯೇ ವಂದಿಸಿದೆವು. ಕೋರ್ಟು ಕಚೇರಿಯ ಮಾತು ಮಠಕ್ಕೆ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಈಗ ನಾವು ಹೇಳಬೇಕೆಂದಿರುವುದು ಬೇರೆ. ಸಂವಿಧಾನ ರಚನಾ ಸಭೆಯಲ್ಲಿ ನಡೆದ ಒಂದು ಪ್ರಸಂಗ ನಮ್ಮನ್ನು ಬಹಳ ದಿನ ಕಾಡಿದೆ. 1949ರ ಅಕ್ಟೋಬರ್ 17. ಪ್ರಸ್ತಾವನೆಯ ಚರ್ಚೆ. ಬಾಬು ರಾಜೇಂದ್ರ ಪ್ರಸಾದರು ಅಧ್ಯಕ್ಷ ಪೀಠದಲ್ಲಿದ್ದಾರೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹರಿವಿಷ್ಣು ಕಾಮತರು ಎದ್ದು ಒಂದು ತಿದ್ದುಪಡಿ ಮಂಡಿಸಿದರು. ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕು ಎಂಬುದು ಅವರ ಕೋರಿಕೆ. ಎಷ್ಟು ಸಹಜವಾದ ಕೋರಿಕೆ! ನಮ್ಮಲ್ಲಿ ಅಂಗಡಿಯ ಲೆಕ್ಕದ ಪುಸ್ತಕ ತೆರೆಯುವಾಗಲೂ ಮೇಲೆ ದೇವರ ಹೆಸರು ಬರೆಯುತ್ತಾರೆ. ದೇಶದ ಪುಸ್ತಕಕ್ಕೆ ಬೇಡವೇ?

ಚರ್ಚೆಯಾಯಿತು. ಅಸ್ಸಾಮಿನ ಸದಸ್ಯರೊಬ್ಬರು, ತಾವು ಶಕ್ತಿಯ ಉಪಾಸಕರ ನಾಡಿನವರು, ದೇವರೆಂದು ಬರೆಯುವುದಾದರೆ ದೇವಿಯೆಂದೇಕೆ ಬರೆಯಬಾರದು ಎಂದರು. ಒಂದು ಕ್ಷಣದಲ್ಲಿ ತೊಡಕು ಹೇಗೆ ಹುಟ್ಟಿತು ನೋಡಿರಿ! ತಿರುವಾಂಕೂರಿನ ಥಾನು ಪಿಳ್ಳೆಯವರು, ತಾವು ಆಸ್ತಿಕರಾದರೂ ನಂಬದವನನ್ನು ನಂಬಿಕೆಗೆ ಬಲವಂತ ಮಾಡಿದಂತಾಗುತ್ತದೆ ಎಂದು ವಿರೋಧಿಸಿದರು. ಪಂಡಿತ ಹೃದಯನಾಥ ಕುಂಜ್ರೂ ಅವರು ಅಂತರಂಗದ ಭಾವನೆಯನ್ನು ಹೀಗೆ ಮತಕ್ಕೆ ಹಾಕುವ ಸ್ಥಿತಿ ಬಂದುದಕ್ಕೆ ವಿಷಾದಪಟ್ಟರು. ಪೂರ್ಣಿಮಾ ಬ್ಯಾನರ್ಜಿಯವರು, ದೇವರ ಪರ ಇಲ್ಲವೇ ವಿರುದ್ಧ ಕೈ ಎತ್ತುವ ಸಂಕಟಕ್ಕೆ ನಮ್ಮನ್ನು ತಳ್ಳಬೇಡಿರೆಂದು ಕೇಳಿಕೊಂಡರು. ಕಾಮತರು ಹಟ ಬಿಡಲಿಲ್ಲ. ಎಣಿಕೆಯಾಯಿತು. ಪರವಾಗಿ 41, ವಿರುದ್ಧ 68. ದೇವರು ಸೋತರು!

ನಗಬೇಡಿರಿ. ಆ ಸಭೆಯಲ್ಲಿ ನಾವು ಇದ್ದಿದ್ದರೆ ನಮ್ಮ ಕೈ ಯಾವ ಕಡೆ ಏಳುತ್ತಿತ್ತು? ಈ ಕಾವಿ ತೊಟ್ಟವರು, ಮೂರು ಹೊತ್ತು ಲಿಂಗಪೂಜೆ ಮಾಡುವವರು, ದೇವರ ವಿರುದ್ಧ ಕೈ ಎತ್ತಲು ಸಾಧ್ಯವೇ? ಮೊದಲ ಬಾರಿ ಇದನ್ನು ಓದಿದಾಗ ನಮಗೆ ಕಾಮತರ ಮೇಲೆ ಪ್ರೀತಿ ಬಂತು, ಉಳಿದವರ ಮೇಲೆ ಬೇಸರ ಬಂತು. ಹಲವು ವರ್ಷ ಹಾಗೆಯೇ ಇದ್ದೆವು. ಈಗ ಹಾಗಿಲ್ಲ. ನಮ್ಮ ಕೈ ಆ 68 ಜನರ ಜೊತೆಗೇ ಏಳುತ್ತಿತ್ತು. ಏಕೆ? ಎಣಿಕೆಯಿಂದ ಒಳಗೆ ಬಂದ ದೇವರನ್ನು ಎಣಿಕೆಯಿಂದಲೇ ಹೊರಗೆ ಹಾಕಬಹುದು. ಅಂಗೈಯಲ್ಲಿರುವ ಲಿಂಗಕ್ಕೆ ಬಹುಮತ ಬೇಕಾಗಿಲ್ಲ. ಮೇಲಾಗಿ ಸಂವಿಧಾನ ದೇವರನ್ನೇನೂ ಹೊರದೂಡಲಿಲ್ಲ. ಮಂತ್ರಿಯಾಗುವವನು, ನ್ಯಾಯಾಧೀಶನಾಗುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆಂದರೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು ಎಂದು ಮೂರನೆಯ ಅನುಸೂಚಿಯಲ್ಲಿದೆ. ದೇವರನ್ನು ಒಬ್ಬೊಬ್ಬನ ಅಂತಃಕರಣಕ್ಕೆ ಬಿಟ್ಟರು. ಅದಕ್ಕಿಂತ ಒಳ್ಳೆಯ ಗುಡಿ ಯಾವುದಿದೆ?

ಸೋತ ಕಾಮತರು ಏನು ಮಾಡಿದರು ಎಂಬುದನ್ನೂ ನೋಡಬೇಕು. ಇದು ದೇಶದ ಇತಿಹಾಸದಲ್ಲಿ ಕರಾಳ ದಿನವೆಂದು ನೊಂದು ನುಡಿದರು. ಆದರೆ ಸಭೆ ಬಿಟ್ಟು ಹೋಗಲಿಲ್ಲ. ನಂತರವೂ ತಮ್ಮ ಜಾಗದಲ್ಲಿ ಕುಳಿತು ಪ್ರಶ್ನೆ ಕೇಳುತ್ತಲೇ ಹೋದರು. ಐದು ವಾರಗಳ ಮೇಲೆ, ನವೆಂಬರ್ 25ರಂದು, ಕರಡು ಸಮಿತಿಯ ಅಧ್ಯಕ್ಷರಾದ ಡಾ. ಅಂಬೇಡ್ಕರರು ಕಡೆಯ ಭಾಷಣ ಮಾಡಿದರು. ತಮ್ಮನ್ನು ಅಡಿಗಡಿಗೂ ತಡೆದು ಪ್ರಶ್ನಿಸಿದವರ ಹೆಸರು ಹಿಡಿದು ಕೃತಜ್ಞತೆ ಹೇಳಿದರು. ಕಾಮತರ ಹೆಸರು ಮೊದಲು ಬಂತು. ಈ ಬಂಡಾಯಗಾರರು ಇಲ್ಲದಿದ್ದರೆ ಸಭೆ ಹೂಂಗುಟ್ಟುವವರ ಗುಂಪಾಗುತ್ತಿತ್ತು ಎಂಬುದು ಅವರ ಅಭಿಪ್ರಾಯ. ಬಂದ ಕೀರ್ತಿಯನ್ನಾದರೂ ತಮ್ಮಲ್ಲಿಯೇ ಇಟ್ಟುಕೊಂಡರೇ? ಅದರಲ್ಲಿ ಪಾಲು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗರಾಯರಿಗೆ ಸಲ್ಲಬೇಕೆಂದರು, ಕರಡು ಬರೆದ ಮುಖರ್ಜಿಯವರಿಗೆ ಸಲ್ಲಬೇಕೆಂದರು. ನಮ್ಮ ಕೆಂಗಲ್ ಹನುಮಂತಯ್ಯನವರು ಅದೇ ತಿಂಗಳು ಅದೇ ಸಭೆಯಲ್ಲಿ, ವೀಣೆಯ ನಾದ ಬಯಸಿದ್ದೆವು, ಇಂಗ್ಲಿಷ್ ಬ್ಯಾಂಡಿನ ಸದ್ದು ಬಂದಿದೆ ಎಂದು ಚುಚ್ಚಿದ್ದರು. ಅವರ ಮಾತನ್ನೂ ಯಾರೂ ಅಳಿಸಲಿಲ್ಲ. ಅಚ್ಚಾಗಿ ಇಂದಿಗೂ ಇದೆ.

ಇನ್ನೂ ಹಿಂದಕ್ಕೆ ಹೋದರೆ ಆರಂಭದಲ್ಲಿಯೇ ಇಂಥ ಒಂದು ಪ್ರಸಂಗವಿದೆ. ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9. ಡಿಸೆಂಬರ್ 13ರಂದು ಪಂಡಿತ ನೆಹರೂ ಗುರಿಗಳ ನಿರ್ಣಯ ಮಂಡಿಸಿದರು. ಮುಸ್ಲಿಂ ಲೀಗಿನವರು ಬಂದಿಲ್ಲ, ಸಂಸ್ಥಾನಗಳವರು ಬಂದಿಲ್ಲ, ಸ್ವಲ್ಪ ತಡೆಯೋಣ ಎಂದು ಜಯಕರರು ಸೂಚಿಸಿದರು. ಡಿಸೆಂಬರ್ 17ರಂದು ಅಧ್ಯಕ್ಷರು ಇದ್ದಕ್ಕಿದ್ದಂತೆ ಡಾ. ಅಂಬೇಡ್ಕರರನ್ನು ಕರೆದರು. ಅವರು ಕಾಂಗ್ರೆಸಿನ ವಿರೋಧಿಗಳು. ಸಭೆಯಲ್ಲಿ ತುಂಬಿದ್ದವರು ಕಾಂಗ್ರೆಸಿನವರು. ಸಿದ್ಧತೆಗೆ ಸಮಯ ಸಿಗುತ್ತದೆಂದು ತಿಳಿದಿದ್ದೆ ಎನ್ನುತ್ತಲೇ ಎದ್ದು, ನಿಮ್ಮಲ್ಲಿ ಅಧಿಕಾರವಿದೆ, ಅದನ್ನು ಬಳಸಲು ವಿವೇಕವೂ ಬೇಕು, ಎಲ್ಲರನ್ನೂ ಕೂಡಿಸಿಕೊಂಡು ಹೋಗಿರಿ ಎಂದರು. ಬಹುಮತವಿದ್ದವರು ಕುಳಿತು ಕೇಳಿದರು. ನಿರ್ಣಯವನ್ನು ಮುಂದಿನ ತಿಂಗಳಿಗೆ ಮುಂದೂಡಿ 1947ರ ಜನವರಿ 22ರಂದು ಅಂಗೀಕರಿಸಿದರು. ದೇಶ ವಿಭಜನೆಯಿಂದ ಬಂಗಾಳದ ಸ್ಥಾನ ಕಳೆದುಕೊಂಡ ಆ ವಿರೋಧಿಯನ್ನೇ ಮುಂಬಯಿಯಿಂದ ಆರಿಸಿ ತಂದರು. ಆಗಸ್ಟಿನಲ್ಲಿ ಕರಡು ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದರು. ನಾಯಕತ್ವವೆಂದರೇನೆಂದು ನಿನ್ನೆ ಇಲ್ಲಿ ಎರಡು ತಾಸು ಚರ್ಚೆ ನಡೆಯಿತಲ್ಲ, ನಮಗಂತೂ ಈ ಒಂದು ಪ್ರಸಂಗದಲ್ಲಿ ಉತ್ತರ ಸಿಕ್ಕಿದೆ.

ಎರಡು ವರ್ಷ, ಹನ್ನೊಂದು ತಿಂಗಳು, ಹದಿನೇಳು ದಿನ. ಅಧಿವೇಶನಗಳು 11. ಸಭೆ ಸೇರಿದ ದಿನಗಳು 165. ಮಂಡನೆಯಾಗಿ ಚರ್ಚೆಗೆ ಬಂದ ತಿದ್ದುಪಡಿಗಳೇ 2,473. ತಡವಾಯಿತು ಎಂದು ಆಗಲೂ ಜನ ಗೊಣಗಿದರು. ಮಾತನಾಡಿ ಮಾಡುವ ಕೆಲಸ ತಡವೇ ಆಗುತ್ತದೆ.

ಆ ನವೆಂಬರ್ 25ರ ಭಾಷಣದಲ್ಲಿಯೇ ಇನ್ನೊಂದು ಮಾತಿದೆ. ಇದು ನಮ್ಮಂಥವರಿಗೆ, ನಿಮ್ಮಂಥವರಿಗೆ ನೇರವಾಗಿ ತಗಲುವ ಮಾತು. ಎಷ್ಟು ದೊಡ್ಡವನಾದರೂ ಒಬ್ಬ ಮನುಷ್ಯನ ಪಾದದಲ್ಲಿ ತಮ್ಮ ಸ್ವಾತಂತ್ರ್ಯವನ್ನು ಇಡಬಾರದು ಎಂದು ಅಂಬೇಡ್ಕರರು ಎಚ್ಚರಿಸಿದರು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು. ರಾಜಕಾರಣದಲ್ಲಿ ಅದೇ ಭಕ್ತಿ ಅಧಃಪತನಕ್ಕೆ, ಕಡೆಗೆ ಸರ್ವಾಧಿಕಾರಕ್ಕೆ ದಾರಿ ಎಂಬುದು ಅವರ ಮಾತಿನ ತಾತ್ಪರ್ಯ. ಉಳಿದ ಯಾವ ದೇಶಕ್ಕಿಂತ ನಮ್ಮಲ್ಲಿ ಈ ರೋಗ ಹೆಚ್ಚು ಎಂದೂ ಅವರು ಕಂಡಿದ್ದರು.

ಅದು ಸುಳ್ಳಾಯಿತೇ? ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಆಳುವ ಪಕ್ಷದ ಅಧ್ಯಕ್ಷರಾದ ದೇವಕಾಂತ ಬರುವಾ ಅವರು, ಪ್ರಧಾನಿಯೇ ದೇಶ, ದೇಶವೇ ಪ್ರಧಾನಿ ಎಂಬರ್ಥದ ಘೋಷಣೆ ಮಾಡಿದರು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿ ಕಟ್ಟಿತು, ಬೆಂಗಳೂರಿನ ಜೈಲು ವಿಚಾರಣೆಯಿಲ್ಲದ ಬಂದಿಗಳಿಂದ ತುಂಬಿತು. 1977ರಲ್ಲಿ ಜನ ಮತ ಹಾಕಿ ಅಧಿಕಾರ ಇಳಿಸಿದರು. 1978ರಲ್ಲಿ ನಮ್ಮ ಚಿಕ್ಕಮಗಳೂರಿನವರೇ ಆ ತಾಯಿಯನ್ನು ಮತ್ತೆ ಲೋಕಸಭೆಗೆ ಕಳಿಸಿದರು. ಇಳಿಸುವುದೂ ಏರಿಸುವುದೂ ಮತದಾರನ ಕೈಯಲ್ಲಿಯೇ ಉಳಿಯಿತು. ನಾವು ಯಾವ ಪಕ್ಷದ ಮಾತನ್ನೂ ಆಡುತ್ತಿಲ್ಲ. ಈ ರೋಗಕ್ಕೆ ಪಕ್ಷವಿಲ್ಲ. ಇಂದು ನಾಯಕನ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುತ್ತಾರೆ. ಆ ಹಾಲು ಕರೆದ ತಾಯಿಯ ಮಗು ಬರಿಯ ಚಹದ ನೀರು ಕುಡಿದು ಶಾಲೆಗೆ ಹೋಗಿರುತ್ತದೆ.

ಬೇರೆಯವರನ್ನು ಹೇಳಿ ನಮ್ಮನ್ನು ಬಿಟ್ಟುಕೊಳ್ಳುವುದು ಸರಿಯಲ್ಲ. ನಮ್ಮಿಂದಲೂ ಒಂದು ತಪ್ಪು ನಡೆದಿದೆ. ಅದನ್ನು ಹೇಳಿಬಿಡುತ್ತೇವೆ. ಒಂದು ಚುನಾವಣೆಯ ಸಮಯದಲ್ಲಿ ಒಬ್ಬ ಅಭ್ಯರ್ಥಿ ಮಠಕ್ಕೆ ಬಂದರು. ಗದ್ದುಗೆಗೆ ನಮಸ್ಕರಿಸಿದರು. ಎಲ್ಲರಿಗೂ ಕೊಡುವಂತೆ ವಿಭೂತಿ ಕೊಟ್ಟೆವು, ಶಾಲು ಹೊದಿಸಿದೆವು. ಅವರ ಕಡೆಯವರು ಚಿತ್ರ ತೆಗೆದರು. ಮರುದಿನ ಆ ಚಿತ್ರ ಕರಪತ್ರವಾಗಿ ಮನೆಮನೆಗೆ ಹೋಯಿತು. ಕೆಳಗೆ ಏನು ಬರೆದಿದ್ದರೆಂದು ನೀವು ಊಹಿಸಬಲ್ಲಿರಿ. ನಮಗೆ ಗೊತ್ತಾಯಿತು. ಅಲ್ಲಗಳೆದು ಒಂದು ಮಾತು ಹೇಳಬಹುದಾಗಿತ್ತು, ಹೇಳಲಿಲ್ಲ. ಅವರು ಮಠದ ಶಾಲೆಗೆ ಕಟ್ಟಡ ಕಟ್ಟಿಸಿ ಕೊಡುವೆನೆಂದಿದ್ದರು. ಮಕ್ಕಳಿಗಾಗಿಯಲ್ಲವೇ ಎಂದು ಸಮಾಧಾನ ಮಾಡಿಕೊಂಡೆವು.

ನಾಲ್ಕು ದಿನಗಳ ಮೇಲೆ ಒಬ್ಬ ಮುದುಕಿ ಬಂದಳು. ಕೂಲಿ ಮಾಡುವವಳು. ದೂರ ನಿಂತು ಕೈ ಮುಗಿದು ಹೇಳಿದಳು: "ಬುದ್ಧಿ, ಅವರಿಗೇ ಓಟು ಹಾಕಬೇಕಂತ ತಮ್ಮ ಅಪ್ಪಣೆ ಆಗಿದೆಯಂತೆ. ಆದರೆ ನಮ್ಮ ಕೇರಿಗೆ ನೀರು ಕೇಳೋಕೆ ಹೋದಾಗ ಅವರು ನಮ್ಮನ್ನ ಗೇಟಿನ ಹೊರಗೇ ನಿಲ್ಲಿಸಿ ಕಳಿಸಿದರು. ನನಗೆ ಅವರಿಗೆ ಹಾಕೋಕೆ ಮನಸ್ಸಿಲ್ಲ. ಅಪ್ಪಣೆ ಮೀರಿದರೆ ಪಾಪ ಬರುತ್ತದಾ?"

ನಮಗೆ ನಾಲಿಗೆ ಏಳಲಿಲ್ಲ. ಎಷ್ಟು ಪುಸ್ತಕ ಓದಿದ್ದೆವು! ಕಾಮತರ ಪ್ರಸಂಗ, ಅಂಬೇಡ್ಕರರ ಎಚ್ಚರಿಕೆ, ಎಲ್ಲ ಗೊತ್ತಿತ್ತು. ಅವಳ ಭಕ್ತಿಯನ್ನು ನಾವು ಇನ್ನೊಬ್ಬರ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆವು. "ಅಂಥ ಅಪ್ಪಣೆ ನಾವು ಕೊಟ್ಟಿಲ್ಲ ತಾಯಿ, ಕೊಡುವ ಅಧಿಕಾರವೂ ನಮಗಿಲ್ಲ. ಓಟು ನಿನ್ನದು" ಎಂದೆವು. ಅವಳು ಸಮಾಧಾನಗೊಂಡು ಹೋದಳು. ಆದರೆ ಕೇಳಲು ಬಂದವಳು ಅವಳೊಬ್ಬಳು. ಕೇಳದೆ ಮನೆಯಲ್ಲಿಯೇ ಹೆದರಿ ಕುಳಿತವರು ಎಷ್ಟು ಜನರೋ! ಆ ವರ್ಷದಿಂದ ಚುನಾವಣೆ ಘೋಷಣೆಯಾದ ದಿನದಿಂದ ಎಣಿಕೆ ಮುಗಿಯುವವರೆಗೆ ಈ ಮಠದಲ್ಲಿ ಯಾವ ಅಭ್ಯರ್ಥಿಗೂ ಶಾಲಿಲ್ಲ, ಚಿತ್ರವಿಲ್ಲ. ಪ್ರಸಾದ ಮಾತ್ರ ಉಂಟು. ಪಂಕ್ತಿಯಲ್ಲಿ ಎಲ್ಲರ ಜೊತೆ ಕುಳಿತು ಉಂಡು ಹೋಗಬಹುದು. ಶಾಲೆಯ ಕಟ್ಟಡ ಭಕ್ತರ ಕಾಣಿಕೆಯಿಂದ ಮೆಲ್ಲಗೆ ಏಳುತ್ತಿದೆ.

ನಿನ್ನೆ ಭಾಷಣಕಾರರೊಬ್ಬರು ಅನುಭವ ಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದಿರಿ, ನಮಗೂ ಸಂತೋಷವಾಯಿತು. ಆದರೆ ಅಲ್ಲಿಯ ನಡತೆ ಹೇಗಿತ್ತು ಎಂಬುದನ್ನೂ ನೆನೆಯಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಅಕ್ಕಿ ಬಿದ್ದಿದ್ದು ಬಸವಣ್ಣನವರ ಮನೆಯ ಅಂಗಳದಲ್ಲಿ. ಲಕ್ಕಮ್ಮ ತಾಯಿ ಗಂಡನೆಂದು ನೋಡಲಿಲ್ಲ, ದೊಡ್ಡವರ ಮನೆಯದೆಂದು ಹಿಂಜರಿಯಲಿಲ್ಲ. ಇದು ಆಸೆ, ಒಯ್ದು ಅಲ್ಲಿಯೇ ಸುರಿದು ಬನ್ನಿ ಎಂದರು. ಭಕ್ತರ ಮನೆಯಲ್ಲಿಯೇ ಇಷ್ಟು ಪ್ರಶ್ನೆಗೆ ಸ್ಥಳವಿತ್ತು. ಆಳುವವರ ಮುಂದೆ ನಮಗೆ ಬಾಯಿ ಬರುವುದಿಲ್ಲವೆಂದರೆ ಹೇಗೆ?

ಸ್ವಾಮಿಗಳಾದ ನಾವು ಒಬ್ಬರೇ ಇದ್ದರೂ 'ನಾವು' ಎನ್ನುತ್ತೇವೆ. ಅದು ಪೀಠದ ರೂಢಿ. ಸಂವಿಧಾನವೂ ಇಂಗ್ಲಿಷಿನಲ್ಲಿ 'ನಾವು' ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಅಲ್ಲಿಯ 'ನಾವು' ಪೀಠದ್ದಲ್ಲ. ಅದರಲ್ಲಿ ನಮ್ಮದು ಒಂದು ಪಾಲು, ಆ ಮುದುಕಿಯದು ಒಂದು ಪಾಲು. ಎರಡೂ ಒಂದೇ ತೂಕ.

ಬರುವ ತಿಂಗಳಿನಿಂದ ಪ್ರತಿ ಹುಣ್ಣಿಮೆಯ ಸಂಜೆ ಸಂವಿಧಾನದ ಕನ್ನಡ ಪ್ರತಿಯನ್ನು ಇಲ್ಲಿ ಸ್ವಲ್ಪ ಸ್ವಲ್ಪವಾಗಿ ಓದಿಸಬೇಕೆಂದಿದ್ದೇವೆ. ಓದುವವರು ನಿವೃತ್ತ ಉಪಾಧ್ಯಾಯರು. ಓದಿದ ಮೇಲೆ ಯಾರು ಏನು ಬೇಕಾದರೂ ಕೇಳಬಹುದು, ನಮ್ಮನ್ನೂ ಕೇಳಬಹುದು. ಇನ್ನು ನಮ್ಮ ಮಾತು ಸಾಕು. ಆ ತಾಯಿ ಮೂರು ದಿನದಿಂದಲೂ ಬಂದು ಕಂಬದ ಬಳಿ ಕುಳಿತಿದ್ದಾಳೆ. ಆಗಿನಿಂದ ಏನೋ ಕೇಳಬೇಕೆಂದು ಎದ್ದೆದ್ದು ಕೂರುತ್ತಿದ್ದಾಳೆ. ಧ್ವನಿವರ್ಧಕವನ್ನು ಅವಳ ಬಳಿಗೆ ಒಯ್ಯಿರಿ.