ಜೈಲಿನೊಳಗಿನ ಮೊದಲ ಮೂರು ದಿನ

ಕುಡಿದು ಗಲಾಟೆ ಮಾಡಿ ಒಬ್ಬಾತ ಜೈಲು ಸೇರಿದನೆಂದರೆ ಗುಬ್ಬಿಯಲ್ಲಾಗಲಿ ಕುಣಿಗಲಿನಲ್ಲಾಗಲಿ ಈ ಮಾತು ಕೇಳಿಬರುತ್ತದೆ: ‘ನಾಲ್ಕು ದಿನ ಒಳಗಿರಲಿ ಬಿಡಿ, ಚಟ ತಾನಾಗೇ ಬಿಟ್ಟುಹೋಗುತ್ತೆ.’ ಇದನ್ನು ನಂಬಿ ಕೂತರೆ ಜೀವಕ್ಕೇ ಅಪಾಯ.

ವರ್ಷಗಟ್ಟಲೆ ದಿನವೂ ಕುಡಿದವನಿಗೆ ಮದ್ಯ ಒಮ್ಮೆಲೇ ನಿಂತರೆ ಆರೆಂಟು ಗಂಟೆಯಲ್ಲೇ ಕೈನಡುಕ ಶುರುವಾಗಬಹುದು. ತಟ್ಟೆಯಲ್ಲಿರುವ ಮುದ್ದೆ ಮುರಿಯಲೂ ಬೆರಳು ಹಿಡಿತಕ್ಕೆ ಬರುವುದಿಲ್ಲ. ಬೆವರು ಸುರಿಯುತ್ತದೆ, ನಿದ್ದೆ ಹತ್ತುವುದಿಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆಂಬುದೇ ತಿಳಿಯುವುದಿಲ್ಲ. ನೋಡಿದವರಿಗೆ ನಾಟಕವೆನ್ನಿಸಬಹುದು, ಆದರೆ ಅದು ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿ. ಸಕಾಲಕ್ಕೆ ಮಾತ್ರೆ, ಥಯಾಮಿನ್ ಎಂಬ ಜೀವಸತ್ವದ ಚುಚ್ಚುಮದ್ದು ಸಿಕ್ಕರೆ ಬಹುಪಾಲು ಮಂದಿ ಪಾರಾಗುತ್ತಾರೆ.

ಇದು ಒಬ್ಬಿಬ್ಬರ ಪಾಡಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಶೇ. 79.6 ಮಂದಿಗೆ ಮಾನಸಿಕ ಕಾಯಿಲೆ ಇಲ್ಲವೇ ವ್ಯಸನದ ತೊಂದರೆ ಇತ್ತು. ವ್ಯಸನವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಮಾನಸಿಕ ಕಾಯಿಲೆಯವರು ಶೇ. 27.6.

ಕಾನೂನು ಇವರ ಕೈಬಿಟ್ಟಿಲ್ಲ. ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕೆನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 1958ರ ಪ್ರೊಬೇಷನ್ ಕಾಯ್ದೆಯಂತೆ ನ್ಯಾಯಾಲಯವು ಅಪರಾಧಿಯನ್ನು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಬಿಡಬಹುದು. ಮಾದಕ ವಸ್ತು ಸೇವಿಸಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನು ಒಪ್ಪಿದರೆ, ಜೈಲಿನ ಬದಲು ಚಿಕಿತ್ಸೆಗೆ ಕಳಿಸಲು 1985ರ ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಂನಲ್ಲಿ ಅವಕಾಶವಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಸಮಿತಿಯನ್ನು ಕೇಳಿ. ಬಂಧನದಲ್ಲಿರುವವರಿಗೆ ಉಚಿತ ನೆರವು ಹಕ್ಕು.

ಆದರೆ ಕಾಯಿಲೆ ಇರುವುದು ವೈದ್ಯರಿಗೆ ಗೊತ್ತಾಗಬೇಕಲ್ಲ? ಅಲ್ಲಿ ಮನೆಯವರ ಕೆಲಸ ದೊಡ್ಡದು. ಮಗನೋ ಗಂಡನೋ ತುಮಕೂರಿನ ಜಿಲ್ಲಾ ಕಾರಾಗೃಹ ಸೇರಿದ್ದರೆ ಮೊದಲ ದಿನವೇ ಮಾನ ಮರ್ಯಾದೆ ಎಂದು ಮುಚ್ಚಿಡದೆ ಜೈಲಿನ ವೈದ್ಯರಿಗೆ ಹೇಳಿ: ದಿನಕ್ಕೆ ಎಷ್ಟು ಕುಡಿಯುತ್ತಿದ್ದ, ಕೊನೆಯದಾಗಿ ಯಾವಾಗ ಕುಡಿದ, ಹಿಂದೆ ಫಿಟ್ಸ್ ಬಂದಿತ್ತೇ, ಯಾವ ಮಾತ್ರೆ ನುಂಗುತ್ತಿದ್ದ. ಹಳೆಯ ಔಷಧಿ ಚೀಟಿಯ ನಕಲು ಕೊಡಿ. ಜಾಮೀನಿನ ಮೇಲೆ ಹೊರಬರುವಾಗ ಜೈಲಿನ ವೈದ್ಯರಿಂದ ಚಿಕಿತ್ಸೆಯ ವಿವರ ಬರೆಸಿಕೊಂಡು, ಅದರೊಡನೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ದಿಕ್ಕು ತೋಚದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.