ಬಿಟ್ಟು ಬಿಟ್ಟು ಬರುವ ಹಲ್ಲುನೋವು: ವೈದ್ಯರನ್ನು ಕಾಣಬೇಕಾದ ಹೊತ್ತು ಯಾವುದು?

(ಗ್ರಾಮ ಪಂಚಾಯಿತಿಯ ಆರೋಗ್ಯ ಅರಿವು ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ನಾನು ವೈದ್ಯನಲ್ಲ, ಓದಿದ್ದು ಎಂಜಿನಿಯರಿಂಗ್. ಆದರೂ ಈ ವಿಷಯವನ್ನು ಆರಿಸಿಕೊಂಡಿದ್ದಕ್ಕೆ ನಮ್ಮ ಪಂಚಾಯಿತಿಯ ಹೂವಿನ ಬೆಳೆಗಾರರೊಬ್ಬರು ಕಾರಣ. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವರಿಗೆ ಕೆಳದವಡೆಯ ಹಲ್ಲೊಂದು ಆರು ತಿಂಗಳ ಕಾಲ ಬಿಟ್ಟು ಬಿಟ್ಟು ನೋಯುತ್ತಿತ್ತು. ಬಂದಾಗ ಒಂದು ಮಾತ್ರೆ, ಒಂದು ಲವಂಗ, ಹೋದಾಗ ಮರೆವು. ವರಮಹಾಲಕ್ಷ್ಮಿ ಹಬ್ಬದ ವೇಳೆಗೆ ನೋವು ಪೂರ್ತಿಯಾಗಿ ನಿಂತಿತು. ವಾಸಿಯಾಯಿತೆಂದು ಸಮಾಧಾನಪಟ್ಟರು. ಗೌರಿ ಹಬ್ಬದ ವೇಳೆಗೆ ಕೆನ್ನೆ ಊದಿ, ಜ್ವರವೇರಿ, ಬಾಯಿ ತೆರೆಯಲಾಗದ ಸ್ಥಿತಿಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಆ ಆರು ತಿಂಗಳೂ ಅವರು ವಾರಕ್ಕೆ ಮೂರು ದಿನ ಸೇವಂತಿಗೆ ಮೂಟೆಯೊಡನೆ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ ಬರುತ್ತಿದ್ದರು. ಆ ಮಾರುಕಟ್ಟೆಯ ಸಮೀಪದಲ್ಲೇ, ಕೋಟೆ ಪ್ರದೇಶದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯವಿದೆ, 1958ರಿಂದಲೂ ಇದೆ.

ನೋವು ಬಂದು ಹೋಗುವುದೇಕೆ ಎಂಬುದನ್ನು ತಿಳಿದರೆ ಅದರ ಮೋಸವೂ ತಿಳಿಯುತ್ತದೆ. ಹಲ್ಲಿನ ಹೊರಕವಚವಾದ ಎನಾಮೆಲ್‌ನಲ್ಲಿ ನರವಿಲ್ಲ. ಹುಳುಕು ಅಲ್ಲಿಯೇ ಇರುವ ತನಕ ನಮಗೆ ಏನೂ ಗೊತ್ತಾಗುವುದಿಲ್ಲ. ಅದರ ಕೆಳಗಿನ ಡೆಂಟಿನ್ ಪದರದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸೂಕ್ಷ್ಮ ನಾಳಗಳಿದ್ದು, ಅವುಗಳಲ್ಲಿ ದ್ರವವಿರುತ್ತದೆ. ತಣ್ಣೀರೋ ಸಿಹಿಯೋ ತಗುಲಿದಾಗ ಆ ದ್ರವ ಚಲಿಸಿ, ಒಳಗಿನ ನರ ಚುರುಕ್ಕೆನ್ನುತ್ತದೆ. ನೀರು ನುಂಗಿದ ಕೆಲವೇ ಕ್ಷಣಗಳಲ್ಲಿ ನೋವೂ ಮಾಯ. ಹುಳುಕಿನಿಂದಾದ ಈ ಹಂತದಲ್ಲಿ ಹಲ್ಲು ತುಂಬಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ವಸಡು ಸರಿದು ಬೇರು ಹೊರಗೆ ಕಂಡಾಗಲೂ ಇಂತಹುದೇ ಜುಮ್ಮೆನಿಸುವಿಕೆ ಇರುತ್ತದೆ. ಯಾವುದೆಂದು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು.

ಮುಂದಿನ ಹಂತ ಬೇರೆ. ಹುಳುಕು ಹಲ್ಲಿನ ತಿರುಳನ್ನು ಮುಟ್ಟಿದರೆ ಅಲ್ಲಿ ಉರಿಯೂತವಾಗುತ್ತದೆ. ಕೈ ಊದಿದರೆ ಹಿಗ್ಗಲು ಜಾಗವುಂಟು. ತಿರುಳು ಗಟ್ಟಿ ಗೋಡೆಗಳ ನಡುವೆ ಇರುವುದರಿಂದ ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ನೋವು ಕೆರಳುತ್ತದೆ. ಕೊನೆಗೆ ತಿರುಳು ಸಾಯುತ್ತದೆ, ಅದರೊಡನೆ ನರವೂ ಸಾಯುತ್ತದೆ. ಬೆಳೆಗಾರರ ನೋವು ನಿಂತದ್ದು ಆಗಲೇ. ನೀರಿನ ಟ್ಯಾಂಕಿನ ಎಚ್ಚರಿಕೆ ಗಂಟೆಯ ತಂತಿ ಕಡಿದರೆ ಗಂಟೆ ನಿಲ್ಲುತ್ತದೆಯೇ ಹೊರತು ಟ್ಯಾಂಕು ತುಂಬಿ ಹರಿಯುವುದು ನಿಲ್ಲುವುದಿಲ್ಲ. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿದು ಕೀವಾಗುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ತಣ್ಣನೆಯದು ಅಥವಾ ಬಿಸಿಯದು ತಗುಲಿ ಸರಿದ ಮೇಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ನೋವು ಉಳಿದರೆ, ನಿದ್ದೆಯಿಂದ ಎಬ್ಬಿಸಿದರೆ, ತಾನಾಗಿಯೇ ಮಿಡಿದರೆ, ಕಚ್ಚಿದಾಗ ಚುಚ್ಚಿದಂತಾದರೆ, ವಸಡಿನಲ್ಲಿ ಮೊಡವೆಯಂತಹ ಗುಳ್ಳೆ ಕಂಡರೆ ಒಂದೆರಡು ದಿನಗಳೊಳಗೆ ಹೋಗಬೇಕು. ಇವಾವುದೂ ಇಲ್ಲದೆ, ಒಂದೇ ಹಲ್ಲು ಮತ್ತೆ ಮತ್ತೆ ನೋಯುತ್ತಿದ್ದರೂ ಅದೇ ಸಾಕಾದ ಕಾರಣ. ಮುಖ ಊದಿ ಜ್ವರ ಬಂದರೆ ಅದೇ ದಿನ. ನಾಲಿಗೆಯ ಕೆಳಗೆ ಊದಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದೇ ಗಳಿಗೆ. 108ಕ್ಕೆ ಕರೆ ಮಾಡಿ. ಮಧುಮೇಹವಿರುವವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು. ಮೂಟೆ ಹೊರುವಾಗ ಬಂದು, ಕುಳಿತಾಗ ಕಡಿಮೆಯಾಗುವ ದವಡೆ ನೋವು ಹೃದಯದ್ದಾಗಿರಬಹುದು. ಅದನ್ನು ಹಲ್ಲಿನದೆಂದು ತಳ್ಳಿಹಾಕುವಂತಿಲ್ಲ.

ನಮ್ಮ ಮನೆಮದ್ದುಗಳ ಬಗ್ಗೆಯೂ ಒಂದು ಮಾತು. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುವುದು ನಿಜ; ಹುಳುಕನ್ನು ಅದು ಮುಟ್ಟುವುದಿಲ್ಲ. ಕಡ್ಡಿಪುಡಿ ಒತ್ತುವುದು ತಂಬಾಕಿನ ಚಟಕ್ಕೆ ದಾರಿ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಂಡರೆ ವಸಡು ಸುಡುತ್ತದೆ. ಹೊಗೆ ಹಾಕಿ ಹಲ್ಲಿನ ಹುಳು ಉದುರಿಸುವೆವೆನ್ನುವವರನ್ನು ನಂಬಬೇಡಿ. ಹಲ್ಲಿನಲ್ಲಿ ಹುಳುವೇ ಇಲ್ಲ. ಸಿಹಿಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಗಳು ಹಲ್ಲನ್ನು ಕರಗಿಸುತ್ತವೆ. ಔಷಧದಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಕೂಡ ಹುಳುಕನ್ನು ವಾಸಿ ಮಾಡದು.

ತಾಲ್ಲೂಕು ಆಸ್ಪತ್ರೆಯಲ್ಲಿಯೂ ದಂತ ವೈದ್ಯರಿದ್ದಾರೆ. ಮಾರುಕಟ್ಟೆಗೆ ಹೋಗುವವರಿಗೆ ಕೋಟೆಯ ದಂತ ಕಾಲೇಜೇ ಅನುಕೂಲ. ಹೂವಿನ ವ್ಯಾಪಾರ ಬಹುಪಾಲು ನಸುಕಿನಲ್ಲೇ ಮುಗಿಯುತ್ತದೆ, ಹೊರರೋಗಿಗಳ ನೋಂದಣಿ ಬೆಳಿಗ್ಗೆ ನಡೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಜೇಬಿನಲ್ಲಿರಲಿ. ಊರಿನ ಮೊದಲ ಬಸ್ಸು ಒಂದು ದಿನ ತಪ್ಪಿದರೆ ತಪ್ಪಲಿ. ಬೇರುನಾಳದ ಚಿಕಿತ್ಸೆಗೆ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. ನೋವು ನಿಂತಿತೆಂದು ನಡುವೆ ಬಿಟ್ಟರೆ ಮತ್ತೆ ಅದೇ ಕಥೆ.

ನಮ್ಮ ಬೆಳೆಗಾರರು ಈಗ ಗುಣವಾಗಿದ್ದಾರೆ. ಹಲ್ಲು ಮಾತ್ರ ಉಳಿಯಲಿಲ್ಲ. ಮಾರುಕಟ್ಟೆಯಿಂದ ಆಸ್ಪತ್ರೆಯ ಗೇಟಿಗೆ ದಾರಿ ತಿಳಿಯದವರು ಸಭೆ ಮುಗಿದ ಮೇಲೆ ಅವರನ್ನೇ ಕೇಳಬಹುದು. ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ.