ಹೊಲದ ಬೆರಕೆ ಸೊಪ್ಪು



ಬಿತ್ತದೆ ಬೆಳೆಯುವ ಫಸಲೊಂದುಂಟು. ಮೈಸೂರು, ಕೋಲಾರಗಳ ಕಡೆಯ ರಾಗಿಯ ಹೊಲಗಳಲ್ಲಿ ಮಳೆ ಬಿದ್ದು ನೆಲ ಹದವಾದೊಡನೆ ಅದು ತಾನಾಗಿಯೇ ತಲೆಯೆತ್ತುತ್ತದೆ. ಅಣ್ಣೆ, ಗೋಣಿ, ಹೊನಗೊನ್ನೆ, ಕನ್ನೆ, ತಗಚೆ ಮೊದಲಾದ ಸೊಪ್ಪುಗಳು ಈ ವರ್ಗಕ್ಕೆ ಸೇರಿದುವು. ಕೃಷಿಶಾಸ್ತ್ರದಲ್ಲಿ ಇವುಗಳಿಗೆ ಕಳೆಯೆಂದು ಹೆಸರು. ಒಕ್ಕಲಗಿತ್ತಿಯ ಮಡಿಲನ್ನು ಸೇರಿದರೆ ಇವೇ ಬೆರಕೆ ಸೊಪ್ಪು.

ಕಳೆ ಕೀಳುವ ಕೈಯೇ ಅಡಿಗೆಗೆ ಆಯುವ ಕೈಯೂ ಆಗಿರುತ್ತದೆ. ಹೂ ಬಿಡುವುದಕ್ಕೆ ಮುಂಚಿನ ಎಳೆಯ ಕುಡಿಯನ್ನೇ ಆಯಬೇಕು, ಬಲಿತರೆ ನಾರು. ಒಂದೇ ಸೊಪ್ಪನ್ನು ತುಂಬಿಕೊಳ್ಳದೆ, ಹುಳಿಯಾದುದಕ್ಕೆ ಸಪ್ಪೆಯಾದುದನ್ನು ಬೆರೆಸುವುದರಲ್ಲಿಯೇ ಜಾಣ್ಮೆಯಿದೆ. ಬೇಳೆಯೊಡನೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಬಸಿದ ಕಟ್ಟಿಗೆ ಖಾರ ಕೂಡಿಸಿದರೆ ಬಸ್ಸಾರು. ಎರಡಕ್ಕೂ ರಾಗಿಯ ಮುದ್ದೆಯೇ ಜೊತೆ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ. ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟೀನು ಹಸಿರು ಸೊಪ್ಪಿನಲ್ಲಿ ಹೇರಳ. ಬಡವನ ತಣಿಗೆಗೆ ಇದು ಕಾಸಿಲ್ಲದೆ ದೊರೆತ ಪುಷ್ಟಿ.

ಈ ವಿದ್ಯೆ ತಾಯಿಯಿಂದ ಮಗಳಿಗೆ ಹೊಲದ ಬದುವಿನ ಮೇಲೆಯೇ ಸಂದುದು. ಕೂಲಿಯಾಳು ದುರ್ಲಭವಾಗಿ ಕಳೆನಾಶಕವನ್ನು ಸಿಂಪಡಿಸತೊಡಗಿದ ಹೊಲದಲ್ಲಿ ಸೊಪ್ಪೂ ಇಲ್ಲ, ಅದನ್ನು ಗುರುತಿಸಿ ತೋರಿಸುವ ಸಂದರ್ಭವೂ ಇಲ್ಲ. ಸೊಪ್ಪಿಗಿಂತ ಮೊದಲು ಮರೆಯಾಗುವುದು ಅದರ ಹೆಸರು.

ಹಾಗೆಂದು ಗುರುತರಿಯದ ಎಲೆಯನ್ನು ಯಾರೂ ಬಾಯಿಗಿಡಬಾರದು. ಪಟ್ಟಣದ ಚರಂಡಿಯ ಬದಿಯಲ್ಲಿ ಬೆಳೆದುದನ್ನಂತೂ ಮುಟ್ಟಲಾಗದು. ಸಂತೆಯಲ್ಲಿ ಬೆರಕೆ ಸೊಪ್ಪಿನ ಗುಡ್ಡೆಯಿಟ್ಟುಕೊಂಡು ಕುಳಿತ ಅಜ್ಜಿಯನ್ನು ಕಂಡಾಗ ಕೊಂಡುಕೊಳ್ಳಿರಿ; ಕೊಳ್ಳುವಾಗ ಒಂದೊಂದು ಎಲೆಯ ಹೆಸರನ್ನೂ ಕೇಳಿ, ಮನೆಯ ಮಕ್ಕಳಿಗೆ ತಿಳಿಸಿರಿ.